ಒಡೆದವರೇ ತರಬೇಕು

ಬಾಯಮ್ಮ ಹೋದರು ಎಂದು ಹೊನ್ನಾವರದಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ಅವರ ನಾಲಿಗೆ. ತುದಿಯಿಂದ ನಡುವಿನ ತನಕ ಅದರ ಮೇಲೆ ಹಳೆಯ ಗಾಯದ ಗೆರೆಗಳಿದ್ದವು. ಯಾರಾದರೂ ಒಡೆದ ಪಿಂಗಾಣಿ ತಂದರೆ ಅವರು ಚೂರಿನ ಹರಿತ ಅಂಚನ್ನು ನೆಕ್ಕಿ ನೋಡುತ್ತಿದ್ದರು. ರಕ್ತ ಬಂದರೆ ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ನೆಕ್ಕುತ್ತಿದ್ದರು. ಆಮೇಲೆ ತೀರ್ಪು. ಜೋಡಿಸಲು ಯೋಗ್ಯವಾದದ್ದು ಮರಳು ತುಂಬಿದ ಹರಿವಾಣಕ್ಕೆ ಹೋಗುತ್ತಿತ್ತು, ಅಲ್ಲದ್ದು ಅಂಗಳದ ಬಟ್ಟೆ ಒಗೆಯುವ ಕಲ್ಲಿಗೆ. ಕಲ್ಲಿಗೆ ಹೋದದ್ದರ ಮೇಲೆ ಸುತ್ತಿಗೆ ಎತ್ತಿ ಹೊಡೆಯುತ್ತಿದ್ದರು, ತಂದವರ ಕಣ್ಣೆದುರಿಗೇ.

ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಇವರಿಗೂ ಸ್ವಂತ ಹೆಸರೊಂದಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದದ್ದು ಗೊತ್ತಾದರೆ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಬಾರಿಸುವಂಥ ಹೆಂಗಸು. ಅವರ ಅಪ್ಪ ಮುಂಬೈಯಲ್ಲಿ ದೊಡ್ಡವರ ಮನೆಯ ಚೀನಿ ಪಾತ್ರೆಗಳಿಗೆ ತೂತು ಕೊರೆದು, ಹಿತ್ತಾಳೆ ಕೊಕ್ಕೆ ಹಾಕಿ ಜೋಡಿಸುವ ಕೆಲಸ ಮಾಡುತ್ತಿದ್ದ. ಗಂಡುಮಕ್ಕಳಿಗೆ ಅದು ಬೇಡವಾಯಿತು, ಮಗಳು ಕಲಿತಳು. ಶರಾವತಿಯ ದಂಡೆಗೆ ಇಳಿಯುವ ಓಣಿಯಲ್ಲಿ ಅವರ ಮನೆ. ಭಟ್ಕಳದಿಂದ ಕುಮಟೆಯವರೆಗೆ ಹಳೆ ಮನೆಗಳಲ್ಲಿ ಬೆಲೆಬಾಳುವ ಪಾತ್ರೆ ಯಾವುದು ಒಡೆದರೂ ಆ ಓಣಿಗೇ ಬರಬೇಕಿತ್ತು, ಬೇರೆ ಗತಿ ಇರಲಿಲ್ಲ.

ನಾನು ಕುಮಟೆಯವನು, ಹಳೆ ಸಾಮಾನಿನ ವ್ಯಾಪಾರಿ. ಕಂಬ, ತೊಟ್ಟಿಲು, ಗಡಿಯಾರ, ಭರಣಿ, ಸಿಕ್ಕಿದ್ದನ್ನು ಕೊಂಡು ಗೋವೆಯ ಅಂಗಡಿಗಳಿಗೆ ಕಳಿಸುವವನು. ಮೊದಲ ಸಲ ಅವರಲ್ಲಿಗೆ ಹೋದದ್ದು ಭಟ್ಕಳದ ಹಳೆ ಮನೆಯೊಂದರಿಂದ ತಂದ ನೀಲಿ ಹೂವಿನ ತಟ್ಟೆ ಹಿಡಿದುಕೊಂಡು. ಮೂರೇ ಚೂರು, ನನ್ನ ಪ್ರಕಾರ ಚಿನ್ನದಂಥ ಮಾಲು. ಅವರು ಬೆರಳ ಗಂಟಿನಿಂದ ಬಡಿದರು, ನೆಕ್ಕಿದರು, ಕಲ್ಲಿನ ಮೇಲಿಟ್ಟು ಒಂದೇ ಏಟು. ಚೂರೊಂದು ಹಾರಿ ನನ್ನ ಹುಬ್ಬು ಸೀಳಿತು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವರು ಅರಿಶಿನ ತಂದು ಹುಬ್ಬಿಗೆ ಒತ್ತುತ್ತಾ, "ಏ ಕುಮ್ಟೆ, ವಾಪಸ್ ಕೊಟ್ರೆ ನೀ ಅದಕ್ಕೆ ಅಂಟು ಮೆತ್ತಿ ಗೋವೆಗೆ ಕಳಿಸ್ತಿ. ಅಲ್ಲಿ ಯಾರೋ ಪೆದ್ದ ಇಡೀ ಅದೆ ಅಂತ ತಕೊಳ್ತಾ. ಈಗ ಎಂತ ಕಳಿಸ್ತಿ? ಕಳಿಸು ನೋಡ್ವಾ" ಎಂದರು. ಅಂದಿನಿಂದ ಕೊನೆಯವರೆಗೂ ನಾನು ಅವರಿಗೆ ಕುಮ್ಟೆಯೇ.

ನೆಕ್ಕುವುದು ಉಪ್ಪಿಗಾಗಿ. ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ತಪ್ಪು ತಲೆಮಾರುಗಳಿಂದ ನಡೆದು ಬಂದಿದೆ. ಅಜ್ಜನ ಕಾಲದ ಭರಣಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ, ಸೋರುವುದಿಲ್ಲವಲ್ಲ ಎಂದು ಮಾವಿನ ಮಿಡಿ, ಹಲಸಿನ ಸೊಳೆ ಉಪ್ಪಿನಲ್ಲಿ ಹಾಕಿಡಲು ಅದನ್ನೇ ಬಳಸುತ್ತಾರೆ. ಉಪ್ಪುನೀರು ಬಿರುಕಿನಿಂದ ಭರಣಿಯ ಮಣ್ಣಿನ ಒಳಕ್ಕೆ ಇಳಿಯುತ್ತದೆ. ಅಂಥದ್ದನ್ನು ಎಷ್ಟು ಚಂದ ಜೋಡಿಸಿದರೂ ಬೇಸಿಗೆಯಲ್ಲಿ ಉಪ್ಪು ಹೂವಿನ ಹಾಗೆ ಹೊರಗೆ ಅರಳಿ, ಮೇಲಿನ ಹೊಳಪೆಲ್ಲ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. "ಬಿದ್ದದ್ದನ್ನ ನಾ ಎತ್ತುತೆ. ನೀವು ಉಪ್ಪು ತಿನ್ನಿಸಿ ಕೊಂದದ್ದನ್ನ ಎಂತ ಮಾಡೂದು?" ಎಂದು ಹೆಂಗಸರ ಮೇಲೆ ರೇಗುತ್ತಿದ್ದರು. ಉಪ್ಪು ಕಡಿಮೆಯಿದ್ದರೆ ಬಾವಿ ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ ನೋಡುತ್ತಿದ್ದರು. ಹೆಚ್ಚಿದ್ದರೆ ಸುತ್ತಿಗೆ.

ಇನ್ನೊಂದು ಕ್ರಮವಿತ್ತು. ಪಾತ್ರೆಯನ್ನು ಒಡೆದವರೇ ತರಬೇಕು. ತಂದರೆ ಸಾಲದು, ಬಿಲ್ಲಿನ ಬೈರಿಗೆಯಿಂದ ಅವರು ತೂತು ಕೊರೆಯುವಾಗ ಎದುರು ಕೂತು ಚೂರುಗಳನ್ನು ಅಲುಗದ ಹಾಗೆ ಹಿಡಿದುಕೊಳ್ಳಬೇಕು. ಕೈ ಸ್ವಲ್ಪ ನಡುಗಿದರೆ ಬೈರಿಗೆಯ ಮೊನೆ ಹೆಬ್ಬೆರಳಿಗೆ ಇಳಿಯುತ್ತಿತ್ತು. ತಾವು ಒಡೆದು ಕೆಲಸದವಳ ತಲೆಗೆ ಕಟ್ಟಿ ಕಳಿಸುವ ಮನೆಗಳೂ ಇದ್ದವು. ಬಾಯಮ್ಮ ಆ ಕೆಲಸದವಳಿಗೆ ಚಾ ಕುಡಿಸಿ, "ನಿನ್ನ ಯಜಮಾನ್ತಿಗೆ ಕೈ ಇಲ್ಯಾ ಕೇಳು" ಎಂದು ಚೂರುಗಳನ್ನು ಅವಳ ಜೊತೆಗೇ ವಾಪಸ್ ಕಳಿಸುತ್ತಿದ್ದರು.

ಭಟ್ಕಳದ ಪಕ್ಕದ ಜಾಲಿಯಿಂದ ಒಮ್ಮೆ ದೊಡ್ಡ ಊಟದ ತಟ್ಟೆಯೊಂದು ಡ್ರೈವರನ ಕೈಯಲ್ಲಿ ಬಂತು. ಮನೆಮಂದಿ ಸುತ್ತ ಕೂತು ಒಟ್ಟಿಗೆ ಉಣ್ಣುವಂಥದ್ದು, ಅಂಚಿಗೆ ಹಸಿರು ಬಳ್ಳಿ. ಬಾಯಮ್ಮ ಹಿಂದೆ ಕಳಿಸಿದರು. ಎರಡು ದಿನ ಬಿಟ್ಟು ಕಾರಿನಿಂದ ಬುರ್ಖಾದ ಹಿರಿಯ ಹೆಂಗಸೊಬ್ಬರು ಇಳಿದರು. ಮುಸುಕು ಸರಿಸಿ, "ನಾನೇ ಒಡೆದದ್ದು. ಬಿದ್ದದ್ದಲ್ಲ. ಗುಸ್ಸಾ ಬಂತು, ಗೋಡೆಗೆ ಎಸೆದೆ. ಯಜಮಾನರು ಗೋಡೆ ಪಕ್ಕದಲ್ಲೇ ಇದ್ರು, ತಪ್ಪಿಸ್ಕೊಂಡ್ರು" ಎಂದರು. ಬಾಯಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. "ಛೇ, ತಪ್ಪಿಸ್ಕೊಂಡ್ರಾ!" ಎಂದು ಮಣೆ ಹಾಕಿ ಕೂರಿಸಿದರು. ಆ ತಟ್ಟೆಯ ಕೆಲಸ ಮುಗಿಯುವ ತನಕ ಆ ಹೆಂಗಸು ವಾರ ವಾರ ಬಂದು ಚೂರು ಹಿಡಿದು ಕೂತರು. ಇಬ್ಬರೂ ತಮ್ಮ ತಮ್ಮ ಗಂಡಂದಿರನ್ನು ಬೈಯುವುದನ್ನು ಕೇಳುವುದಕ್ಕೇ ನಾನು ಕುಮಟೆಯಿಂದ ಬಸ್ಸು ಹತ್ತಿ ಹೋದದ್ದುಂಟು.

ಧಾರೇಶ್ವರದ ಒಬ್ಬ ಮಹಾಶಯನ ಕಥೆ ಬೇರೆ. ಯಾರೋ ಅಂಟು ಮೆತ್ತಿ ಹಾಳುಮಾಡಿದ್ದ ಹೂದಾನಿಯನ್ನು ಆತ ತಂದಿದ್ದ. ಬಾಯಮ್ಮ ಅದನ್ನು ಕುದಿಯುವ ನೀರಿಗೆ ಹಾಕಿ ಅಂಟು ಬಿಡಿಸಿದರು, ನೆಕ್ಕಿದರು, ಕಲ್ಲಿಗೆ ಒಯ್ದರು. ಏಟು ಬಿದ್ದದ್ದೇ ಆತ ಮಡಚಿದ ಕೊಡೆಯಿಂದ ಅವರ ಬೆನ್ನಿಗೆ ಬಾರಿಸಿದ. ಅವರು ತಿರುಗಿ ಒನಕೆ ಎತ್ತಿಕೊಂಡರು. ಬಸ್ ನಿಲ್ದಾಣದ ತನಕ ಅಟ್ಟಿಸಿಕೊಂಡು ಹೋದದ್ದನ್ನು ಹೊನ್ನಾವರದವರು ಇವತ್ತಿಗೂ ಹೇಳಿ ನಗುತ್ತಾರೆ. ನಾನು ನಗಲಾರೆ, ಆ ಒನಕೆ ಬಿದ್ದ ಮನುಷ್ಯನ ಭುಜ ಮತ್ತೆ ನೆಟ್ಟಗಾಗಲಿಲ್ಲ ಎಂದು ಕೇಳಿದ್ದೇನೆ. ಬಾಯಮ್ಮ ಒಳ್ಳೆಯವರು ಎಂದು ನಾನು ಎಲ್ಲೂ ಹೇಳುತ್ತಿಲ್ಲ.

ಅವರ ಮುಂದಿನ ಹಲ್ಲು ಒಂದು ಇರಲಿಲ್ಲ. ಗಂಡ ದೋಣಿಯ ಮೇಲೆ ಕೆಲಸಕ್ಕಿದ್ದವನು, ಕುಡಿದ ದಿನ ಹಿತ್ತಾಳೆ ಚೊಂಬು ಬೀಸಿ ಉದುರಿಸಿದ್ದ. ಅದನ್ನು ಮುಚ್ಚಿಡುವ ಅಭ್ಯಾಸ ಅವರಿಗಿರಲಿಲ್ಲ. "ಅವ ಹಲ್ಲು ತೆಗ್ದ. ನಾ ಮಾರನೇ ದಿನ ಅವ ಎದ್ದು ಮುಖ ತೊಳ್ದ ಮೇಲೆ, ಎದುರಿಗೆ ನಿಂತು ಹೇಳಿಯೇ ಹೊಡ್ದದ್ದು, ರುಬ್ಬೋ ಗುಂಡಲ್ಲಿ. ಕಾಲರ್ ಎಲುಬು ಹೋಯ್ತು. ಇಬ್ರೂ ಇಗರ್ಜಿಗೆ ಹೋಗಿ ಪಾದ್ರಿ ಹತ್ರ ಹೇಳಿದ್ವು, ನಾ ಹೊಡ್ದೆ, ನಾನೂ ಹೊಡ್ದೆ ಅಂತ. ಆಮೇಲೆ ಸಾಯೂ ತನಕ ಒಂದೇ ತಾಟಲ್ಲಿ ಉಂಡದ್ದು" ಎನ್ನುತ್ತಿದ್ದರು. ಹೊಡೆದದ್ದಕ್ಕೆ ಅವರಲ್ಲಿ ಕ್ಷಮೆ ಇತ್ತು. ಹೊಡೆದು ಇಲ್ಲ ಎನ್ನುವವರನ್ನು ಕಂಡರೆ ಅವರ ಮೈಯೆಲ್ಲ ಉರಿಯುತ್ತಿತ್ತು.

ಈಗ ಮಂಕಿಯ ಭರಣಿಯ ವಿಷಯ. ಮಂಕಿಯಲ್ಲಿ ದೋಣಿ ಇಟ್ಟುಕೊಂಡ ಅಣ್ಣತಮ್ಮಂದಿರ ಮನೆಯೊಂದಿತ್ತು. ಅವರ ಹಿರಿಯರು ಹಾಯಿ ಹಡಗಿನ ಕಾಲದಲ್ಲಿ ತಂದ ಕಂದು ಬಣ್ಣದ ಭರಣಿ ಆ ಮನೆಯ ಜಗಲಿಯಲ್ಲಿ ನಿಂತಿತ್ತು. ಮೊಣಕಾಲೆತ್ತರ, ಕುತ್ತಿಗೆಯ ಸುತ್ತ ನಾಲ್ಕು ಕಿವಿ, ಹೊಟ್ಟೆಯ ಮೇಲೆ ಉಬ್ಬಿ ನಿಂತ, ಹೆಡೆ ಎತ್ತಿದ ಹಾವಿನಂಥ ಎರಡು ಪ್ರಾಣಿ. ದೋಣಿ ಕಡಲಿಗೆ ಇಳಿಯುವ ದಿನ ಮನೆಯ ಗಂಡಸರು ಅದನ್ನು ಮುಟ್ಟಿಯೇ ಹೊರಡುವುದು. ನಾನು ಅದನ್ನು ಮಾರಿ ಎಂದು ಕೇಳಿ ಕೇಳಿ ಬೈಸಿಕೊಂಡು ಬಂದವನು. ಹೀಗಾಗಿ ಒಂದು ಬೆಳಿಗ್ಗೆ ಅಣ್ಣ ಗೋಣಿಚೀಲ ಹೊತ್ತು, ನಾನು ಕೂತಿದ್ದ ಬಾಯಮ್ಮನ ಅಂಗಳಕ್ಕೆ ಬಂದಾಗ, ಚೀಲದಿಂದ ಹೊರಗೆ ಬಂದ ಮೊದಲ ಕಿವಿಯಲ್ಲೇ ನನಗೆ ಗುರುತು ಸಿಕ್ಕಿತು.

ಅದೇ ವಾರ ತಮ್ಮನನ್ನು ತಲೆಗೆ ಪೆಟ್ಟಾಗಿ ಮಣಿಪಾಲಕ್ಕೆ ಒಯ್ದದ್ದು ಕರಾವಳಿಗೆಲ್ಲ ಗೊತ್ತಿತ್ತು. ದೋಣಿಯಲ್ಲಿ ಜಾರಿ ಬಿದ್ದ ಎಂದು ಮನೆಯವರು ಹೇಳಿದ್ದರು. ತಮ್ಮನಿಗೆ ಪ್ರಜ್ಞೆ ಬಂದಿರಲಿಲ್ಲ. ಅವನ ಹೆಂಡತಿ ಮಾತ್ರ, ಜಗಲಿಯಲ್ಲಿದ್ದ ಭರಣಿ ಎಲ್ಲಿ ಹೋಯಿತು ಎಂದು ಬಂದವರ ಮುಂದೆಲ್ಲ ಕೇಳುತ್ತಿದ್ದಾಳೆ ಎಂಬ ಸುದ್ದಿಯೂ ನಮ್ಮ ಕಿವಿಗೆ ಬಿದ್ದಿತ್ತು.

"ಯಾರು ಒಡ್ದದ್ದು?" ಬಾಯಮ್ಮ ಕೇಳಿದರು.

"ನಾನೇ. ಒರೆಸೂಕೆ ಎತ್ತಿದ್ದೆ, ಕೈ ಜಾರ್ತು. ಆಯಿ ಊಟ ಬಿಟ್ಟಿದ್ದಾಳೆ ಬಾಯಮ್ಮ, ಅದು ಜಗಲಿಯಲ್ಲಿ ಇರದಿದ್ರೆ ಆಗೂದಿಲ್ಲ ಅಂತ. ಬೇಗ ಮಾಡಿ ಕೊಡಿ."

ಅವರು ಚೂರುಗಳನ್ನು ಮರಳಿನಲ್ಲಿ ಜೋಡಿಸುತ್ತಾ ಹೋದರು. ಒಂದು ಚೂರೂ ಕಳೆದಿರಲಿಲ್ಲ. ಅಂಚುಗಳು ಒಂದಕ್ಕೊಂದು ಕೂಡುತ್ತಿದ್ದವು. ಅವರ ಉಸಿರು ಬದಲಾದದ್ದು ನನಗೆ ಕೇಳಿಸಿತು. ಅಂಥ ವಸ್ತು ಅವರ ಕೈಗೆ ಬಂದದ್ದು ಅದೇ ಮೊದಲು, ಅಪ್ಪನ ಕೈಗೂ ಬಂದಿರಲಾರದು. "ಯೋಗ್ಯ ಅದೆ" ಎಂದರು, ಯಾರಿಗೋ ಗುಟ್ಟು ಹೇಳುವ ಹಾಗೆ. ಆಮೇಲೆ ಬುಡವನ್ನು ಎತ್ತಿ ನೋಡಿದರು. ಬುಡಕ್ಕೆ ಏನೂ ಆಗಿರಲಿಲ್ಲ. ಕೈಯಿಂದ ಜಾರಿದ ಭರಣಿ ಬುಡದಲ್ಲಿ ಒಡೆಯಬೇಕು. ಇದರ ಭುಜದ ಒಂದು ಜಾಗ ಜಜ್ಜಿಹೋಗಿ, ಬಿರುಕುಗಳೆಲ್ಲ ಅಲ್ಲಿಂದಲೇ ಹೊರಟಿದ್ದವು. ಆ ಜಾಗದ ಚೂರನ್ನು ತೆಗೆದುಕೊಂಡು ಅವರು ನಾಲಿಗೆಗೆ ಇಟ್ಟರು.

ಉಗುಳಿದರು. ಇನ್ನೊಂದು ಚೂರು ನೆಕ್ಕಿ ಮತ್ತೆ ಉಗುಳಿದರು. ಅಣ್ಣ ಹೊರಗೆಲ್ಲ ತಿಕ್ಕಿ ತೊಳೆದಿದ್ದ, ಒಡೆದ ಅಂಚಿನ ಒರಟು ಮಣ್ಣಿನೊಳಗೆ ಇಂಗಿದ್ದನ್ನು ತೊಳೆಯಲು ಅವನಿಂದ ಆಗಿರಲಿಲ್ಲ.

"ಇದು ಮಿಡಿಯ ಉಪ್ಪಲ್ಲ" ಎಂದರು. "ರಕ್ತ. ನಿನ್ನ ತಮ್ಮಂದಾ?"

ಅಣ್ಣನ ಮುಖ ಬೂದಿಯಾಯಿತು. ಓಡಲಿಲ್ಲ, ಅವನೂ ಗಟ್ಟಿ ಪಿಂಡವೇ. "ಆಗೂದಿಲ್ಲಾದ್ರೆ ಬಿಡಿ. ಒಡ್ದು ಪುಡಿ ಮಾಡಿ ಹಾಕಿ. ಬೇರೆಯವ್ರದ್ದು ಒಡೀತ್ರಿ ಅಲ್ವಾ?" ಎಂದ.

"ಒಡೀತೆ. ಆ ಚೂರು ಕಲ್ಲಿನ ಮೇಲಿಟ್ಟು ಹಿಡ್ಕೊ."

ಅವನು ಅಂಗೈಯಲ್ಲಿ ಒತ್ತಿ ಹಿಡಿದ. ಬಾಯಮ್ಮ ಸುತ್ತಿಗೆ ಎತ್ತಿದರು. ಚೂರಿನ ಮೇಲೆ ಬೀಳುತ್ತದೆಂದು ನಾನು ಕಣ್ಣು ಕಿರಿದು ಮಾಡಿಕೊಂಡಿದ್ದೆ. ಬಿದ್ದದ್ದು ಅವನ ಬೆರಳುಗಳ ಮೇಲೆ. ಎಲುಬು ಮುರಿಯುವ ಸದ್ದು ಎಷ್ಟು ಸಣ್ಣದು ಎಂದು ನನಗೆ ಅವತ್ತು ಗೊತ್ತಾಯಿತು. ಅವನು ಹಂದಿಯ ಹಾಗೆ ಕಿರುಚಿ, ಎದ್ದು ಅವರ ಎದೆಗೆ ಒದ್ದ. ಬಿದ್ದವರ ಹೊಟ್ಟೆಗೆ ಇನ್ನೊಂದು ಸಲ ಒದ್ದ. ನಾನು ಹಿಂದಿನಿಂದ ತಬ್ಬಿಕೊಂಡೆ, ಅವನ ತಲೆ ನನ್ನ ಬಾಯಿಗೆ ಬಡಿದು ತುಟಿ ಹರಿಯಿತು. ಸುತ್ತಿಗೆ ಎತ್ತಿಕೊಳ್ಳಲು ಅವನು ಬಾಗಿದಾಗ ಓಣಿಯಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸರು ಕತ್ತಿ ಹಿಡಿದುಕೊಂಡೇ ಓಡಿ ಬಂದರು. ಅವರಿಲ್ಲದಿದ್ದರೆ ಅವತ್ತು ಎರಡು ಹೆಣ ಬೀಳುತ್ತಿತ್ತು, ಅದರಲ್ಲಿ ಒಂದು ನನ್ನದು. ಅವನು ರಕ್ತ ಸೋರುವ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿಹೋದ.

ಬಾಯಮ್ಮ ನೆಲದಲ್ಲೇ ಕೂತು "ಸಾಯ್ಬಾ ಭೊಗೊಸ್" ಎಂದರು, ದೇವರೇ ಕ್ಷಮಿಸು ಎಂದು. ಪಕ್ಕೆಲುಬು ಮುರಿದಿತ್ತು. ಉಸಿರು ಎಳೆಯಲಾಗದೆ ಒದ್ದಾಡುತ್ತಲೇ ನನ್ನ ಕಡೆ ನೋಡಿ, "ಕುಮ್ಟೆ, ನಿನ್ನ ಕಣ್ಣು ಅದ್ರ ಮೇಲೇ ಅದೆ. ಚೀಲ ಕಟ್ಟಿ ಸ್ಟೇಷನ್ನಿಗೆ ತಕೊಂಡು ಹೋಗು. ಒಂದು ಚೂರು ಕಮ್ಮಿ ಆದ್ರೆ ನಿನ್ನ ಬೆರಳೂ ಉಂಟು" ಎಂದರು. ಒಯ್ದು ಕೊಟ್ಟೆ. ಪೊಲೀಸರು ಬಂದು, ಅವನ ಕೈ ಯಾಕೆ ಜಜ್ಜಿದಿರಿ ಎಂದು ಕೇಳಿದ್ದಕ್ಕೆ, "ಭರಣಿ ಒಡೀಬೇಕಿತ್ತು ಸಾಯೇಬ್ರೆ, ಕೈ ಜಾರ್ತು. ಅವ್ನಿಗೂ ಹಾಗೇ ಆದದ್ದಂತೆ, ಕೇಳಿ" ಎಂದರು.

ತಮ್ಮ ಬದುಕಿದ. ಬಲಗೈ ಬಲಗಾಲು ಸೋತಿದ್ದವು, ಮಾತು ತೊದಲುತ್ತಿತ್ತು. ಅಣ್ಣನ ಮೇಲೆ ಕೇಸು ನಡೆಯಿತು. ನಡುವೆ ಆ ಮನೆಯಲ್ಲಿ ಎಷ್ಟು ಪಂಚಾಯ್ತಿ ಆಯಿತೋ, ತಾಯಿ ಎಷ್ಟು ದಿನ ಉಪವಾಸ ಕೂತಳೋ, ಕೊನೆಗೆ ಕಟಕಟೆಯಲ್ಲಿ ನಿಂತು ತಮ್ಮನೇ, "ನನ್ನ ಯಾರೂ ಹೊಡೀಲಿಲ್ಲ, ನಾನೇ ಬಿದ್ದೆ" ಎಂದ. ಅಣ್ಣ ಬಿಡುಗಡೆಯಾದ. ಹೊಡೆದಾಟದಲ್ಲಿ ಬಾಯಮ್ಮನಿಗಾದ ಪಕ್ಕೆಲುಬಿನ ನೋವು ಮಳೆಗಾಲದಲ್ಲೆಲ್ಲ ಕಾಡುತ್ತಿತ್ತು. ತಮ್ಮನ ಆ ಸಾಕ್ಷಿಯ ಸುದ್ದಿ ಕೇಳಿದ ದಿನ ಅವರು ಮನೆಯಲ್ಲಿದ್ದ ಗಾಜಿನ ಲೋಟಗಳನ್ನೆಲ್ಲ ಒಂದೊಂದಾಗಿ ಗೋಡೆಗೆ ಎಸೆದು ಒಡೆದರು. ಯೋಗ್ಯವೋ ಅಲ್ಲವೋ ಎಂದು ನೋಡಲಿಲ್ಲ.

ಕೋರ್ಟಿನಿಂದ ಭರಣಿಯ ಚೂರುಗಳು ಮನೆಗೆ ವಾಪಸ್ಸಾದವು. ಆಮೇಲೊಂದು ದಿನ ತಮ್ಮನು ಹೆಂಡತಿಯ ಹೆಗಲು ಹಿಡಿದು, ಅದೇ ಗೋಣಿಚೀಲದ ಜೊತೆ ಓಣಿ ಇಳಿದು ಬಂದ. ಜೋಡಿಸಿ ತರಬೇಕು, ಜಗಲಿಯಲ್ಲಿ ಮೊದಲಿನ ಹಾಗೆ ನಿಲ್ಲಿಸಬೇಕು, ಆಗಲೇ ಎಲ್ಲ ಮುಗಿದ ಹಾಗೆ ಎಂದು ತಾಯಿ ಕಳಿಸಿದ್ದಳು. ಹಾಗೆ ಹೇಳಿಸಿದ್ದು ಅಣ್ಣನೇ ಎಂದು ಹೆಂಡತಿ ಬಿಡಿಸಿ ಹೇಳಿದಳು. ನಾನು ಜಗಲಿಯ ತುದಿಯಲ್ಲಿ ಕೂತಿದ್ದೆ.

ಬಾಯಮ್ಮ ಚೀಲ ಮುಟ್ಟಲಿಲ್ಲ. "ಒಡ್ದವ್ರೇ ತರಬೇಕು. ಗೊತ್ತಿಲ್ವಾ ನಿಂಗೆ? ಅವ ಬರ್ಲಿ."

ತಮ್ಮ ತೊದಲುತ್ತಾ ಹೇಳಿದ: "ನನ್ನ ತಲೆಯೇ ಅಲ್ವಾ ಬಾಯಮ್ಮ ಒಡ್ದದ್ದು?"

ಅವನು ತಮಾಷೆ ಮಾಡಿದ್ದಲ್ಲ. ಬಾಯಮ್ಮ ಅವನಿಗೆ ಮಣೆ ಕೊಟ್ಟರು. ಎಡಗೈಯಲ್ಲಿ ಹಿಡಿಯಬಲ್ಲೆಯಾ ಎಂದು ಮಾತ್ರ ಕೇಳಿದರು.

ಇಡೀ ಮಳೆಗಾಲ ಆ ಕೆಲಸ ನಡೆಯಿತು. ಅವನು ಬಸ್ಸಿನಲ್ಲಿ ಬರುವನು, ಎಡಗೈಯಲ್ಲಿ ಚೂರು ಹಿಡಿಯುವನು. ಬೈರಿಗೆಯ ಮೊನೆ ಎಷ್ಟೋ ಸಲ ಅವನ ಹೆಬ್ಬೆರಳಿಗೆ ಇಳಿಯಿತು, ಅವನು ಕೈ ತೆಗೆಯಲಿಲ್ಲ. ಬಾಯಮ್ಮ ಕೆಲಸದ ಮಧ್ಯೆ ನಿಲ್ಲಿಸಿ, "ನೋವಾದ್ರೆ ಕೂಗು ಮಾರಾಯಾ!" ಎಂದು ಬೈಯುತ್ತಿದ್ದರು. ಅವನು ಕೂಗುತ್ತಿರಲಿಲ್ಲ. ಅದನ್ನು ನೋಡಿದರೆ ನನಗೇ ಅವನಿಗೆ ಎರಡು ಬಾರಿಸಬೇಕು ಅನ್ನಿಸುತ್ತಿತ್ತು. ಇಂಥವನನ್ನು ತಿರುಗಿ ಆ ಮನೆಗೇ ಕಳಿಸುವುದಕ್ಕೆ ಇವರು ಯಾಕೆ ಇಷ್ಟು ಶ್ರಮಪಡುತ್ತಿದ್ದಾರೆ ಎಂದು ಸಿಟ್ಟು ಬರುತ್ತಿತ್ತು. ಆದರೆ ಭರಣಿ ಎದ್ದು ನಿಲ್ಲುತ್ತಾ ಬಂದ ಹಾಗೆ ನನ್ನ ಸಿಟ್ಟು ಕರಗಿ ಆಸೆಯಾಯಿತು. ಕಂದು ಮೈಯ ಮೇಲೆ ಹಿತ್ತಾಳೆ ಕೊಕ್ಕೆಗಳ ಸಾಲು, ಒಳಗೆ ಸುಣ್ಣಕ್ಕೆ ಮೊಟ್ಟೆಯ ಬಿಳಿ ಕಲಸಿದ ಲೇಪ, ಬಡಿದರೆ ಇಡೀ ಪಾತ್ರೆಯ ದನಿ. ನನ್ನ ಜೀವಮಾನದಲ್ಲಿ ನಾನು ಕಂಡ ಅತಿ ಚಂದದ ಕೆಲಸ ಅದು.

ಕೊನೆಯ ದಿನ ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿದ್ದರು. ಚಂದ ಕಾಣಲಿ ಎಂದು ಬಿಸಿಲಿಗೆ ಇಟ್ಟಿರಬೇಕು ಅಂದುಕೊಂಡೆ. ಬಾಯಮ್ಮ ಸುತ್ತಿಗೆ ತಂದು ತಮ್ಮನ ಎಡಗೈಯಲ್ಲಿ ಇಟ್ಟರು.

"ಭರಣಿ ಸರಿಯಾಯ್ತು. ಬೇಕಾದ್ರೆ ತಕೊಂಡು ಹೋಗಿ ಜಗಲಿಯಲ್ಲಿಡು, ದಿನಾ ನೋಡು. ಬೇಡಾದ್ರೆ ಒಡಿ. ನಿನ್ನಣ್ಣ ಒಡ್ದ ಮೇಲೆ ಅದು ಅವಂದಾಗಿತ್ತು. ಈಗ ಹಿಡ್ದು ಕೂತವ ನೀನು, ನಿಂದು."

"ಬಾಯಮ್ಮ, ಹುಚ್ಚಾ ನಿಮಗೆ!" ನಾನು ಎದ್ದು ನಿಂತೆ. "ಇಂಥದ್ದು ಈ ಜಿಲ್ಲೆಯಲ್ಲೇ ಇನ್ನೊಂದಿಲ್ಲ. ಬೇಡವಾದರೆ ನನಗೆ ಕೊಡಿ. ಏನು ಕೇಳಿದರೂ..."

"ಕೂತ್ಕೊ ಕುಮ್ಟೆ."

ಅವರ ದನಿಗೆ ನಾನು ಕೂತೆ. ತಮ್ಮನು ಹೆಂಡತಿಯ ಕಡೆ ನೋಡಿದ. ಅವಳು ಅವನ ಹೆಗಲಿನ ಕೆಳಗಿಂದ ಸರಿದು, ಎರಡು ಹೆಜ್ಜೆ ಹಿಂದೆ ಹೋಗಿ ನಿಂತಳು. ಸೋತ ಕಾಲಿನ ಮೇಲೆ ತೂಗಾಡುತ್ತಾ ಅವನು ಸುತ್ತಿಗೆ ಎತ್ತಿದ.

ಮೊದಲ ಏಟಿಗೆ ಒಡೆಯಲಿಲ್ಲ. ಬಾಯಮ್ಮನ ಕೊಕ್ಕೆಗಳು ಹಿಡಿದುಕೊಂಡವು. ಎರಡನೆಯದಕ್ಕೆ ಭುಜ ಕುಸಿಯಿತು. ಮೂರನೆಯದಕ್ಕೆ ಅವನ ಗಂಟಲಿನಿಂದ ದನಿಯೊಂದು ಬಂತು, ದನ ಕೂಗಿದ ಹಾಗೆ. ಆಮೇಲೆ ಅದು ಮಾತಾಯಿತು. "ಬಿದ್ದದ್ದಲ್ಲ!" ಎಂದ. ಹೊಡೆದ. "ನಾ ಬಿದ್ದದ್ದಲ್ಲ!" ಚೂರುಗಳು ಹಾರಿ ಅವನ ಕೆನ್ನೆಯಲ್ಲಿ, ಕೈಯಲ್ಲಿ ರಕ್ತ ಬಂತು. ಹೊಟ್ಟೆ, ಕಿವಿ, ಬುಡ, ಆ ಎರಡು ಪ್ರಾಣಿಗಳ ಹೆಡೆ, ಎಲ್ಲ ಹುಡಿಯಾಗುವ ತನಕ ಹೊಡೆದ. ಓಣಿಯ ಜನ ಬೇಲಿಗೆ ಬಂದು ನಿಂತಿದ್ದರು, ಯಾರೂ ಒಳಗೆ ಬರಲಿಲ್ಲ. ನಾನು ಅಳುತ್ತಿದ್ದೆ. ಭರಣಿಗಾಗಿ ಅತ್ತೆನೋ ಅವನಿಗಾಗಿ ಅತ್ತೆನೋ, ಪ್ರಾಮಾಣಿಕವಾಗಿ ಹೇಳುವುದಾದರೆ ಎರಡಕ್ಕೂ. ಬಾಯಮ್ಮ ಅವನ ಕೈಯಿಂದ ಸುತ್ತಿಗೆ ಬಿಡಿಸಿಕೊಂಡು, ತಂಬಿಗೆ ನೀರು ಕೊಟ್ಟರು.

"ಮನೇಲಿ ಎಂತ ಹೇಳೂದು?" ಅವನು ಏದುಸಿರು ಬಿಡುತ್ತಾ ಕೇಳಿದ.

"ಆದದ್ದು ಹೇಳು" ಎಂದರು.

ಮೊನ್ನೆ ಬಾಯಮ್ಮನ ಮಣ್ಣಿಗೆ ಹೋದಾಗ ಇಗರ್ಜಿಯ ಬಾಗಿಲಲ್ಲಿ ತಮ್ಮನ ಹೆಂಡತಿ ಸಿಕ್ಕಿದಳು. ಅವರೀಗ ಹೊನ್ನಾವರದಲ್ಲೇ ಬಾಡಿಗೆ ಮನೆ ಹಿಡಿದಿದ್ದಾರೆ, ಅವಳು ಮೀನು ವ್ಯಾಪಾರ ಮಾಡುತ್ತಾಳೆ. ಆ ಸಂಜೆ ಮಂಕಿಯ ಮನೆಯಲ್ಲಿ ಏನಾಯಿತು ಎಂದು ಅಷ್ಟು ವರ್ಷ ನಾನು ಯಾರನ್ನೂ ಕೇಳಿರಲಿಲ್ಲ. ಅವಳೇ ಹೇಳಿದಳು. ಬರಿಗೈಯಲ್ಲಿ ಬಂದದ್ದನ್ನು ನೋಡಿ ತಾಯಿ, ಭರಣಿ ಎಲ್ಲಿ ಎಂದಳಂತೆ. ನಾನೇ ಒಡ್ದೆ, ಬೇಕಂತಲೇ ಒಡ್ದೆ ಎಂದನಂತೆ ಇವನು. ಅಣ್ಣ ಒಳಗಿಂದ ಓಡಿಬಂದು ಕೈ ಎತ್ತಿದ. ತಾಯಿ ಕಣ್ಣು ಮುಚ್ಚಿಕೊಂಡಳು.

"ಇವ್ರು ಅಲ್ಲಿಂದ ಹಂದಾಡ್ಲಿಲ್ಲ" ಎಂದಳು ಅವಳು. "ತೊದಲು ಮಾತು, ಆದ್ರೂ ಒಂದೊಂದೇ ಬಿಡಿಸಿ ಹೇಳಿದ್ರು. ಹೊಡಿ ಅಣ್ಣ. ಈ ಸಲ ಬಿದ್ದೆ ಅಂತ ಹೇಳೂದಿಲ್ಲ ಅಂದ್ರು."

ಅಣ್ಣ ಹೊಡೆಯಲಿಲ್ಲವಂತೆ.